ಮೂರು ಪೆನ್ ಡ್ರೈವ್, ಐವತ್ತೆಂಟು ಮೆಟ್ಟಿಲು

ಮಾರ್ಚ್ 3, ಸೋಮವಾರ. ಬೆಳಗ್ಗೆ 11
ಎರಡನೇ ಮಹಡಿಗೆ ಎರಡು ಸಲ, ಮೂರನೆಯದಕ್ಕೆ ಒಂದು ಸಲ. ಮೂರು ಸಲವೂ ಒಂದೇ ಕಾಯಿಲೆ — ಕಂಪ್ಯೂಟರ್ ಹ್ಯಾಂಗ್. ಬಟನ್ ಒತ್ತಿ ಆಫ್ ಮಾಡಿದೆ, ಆನ್ ಮಾಡಿದೆ, ಸರಿಹೋಯಿತು. ಬಟನ್ ಅವರ ಕಾಲ ಬಳಿಯೇ ಇರುತ್ತದೆ. ಒತ್ತುವುದಕ್ಕೆ ಮಾತ್ರ ನಾನು ಬೇಕು. ನಲ್ಲಿ, ಪೈಪು ಮಾರುವ ಕಂಪನಿ, ಲಿಫ್ಟ್ ಹಾಕಿಸಲು ಮನಸ್ಸಿಲ್ಲ. ಬಲಮಂಡಿ ಕಟಕಟ ಅನ್ನುತ್ತಿದೆ.

ಸಂಜೆ 4
ಮಂಡಿ ಡಾಕ್ಟರ ಚೀಟಿಯನ್ನು ಮ್ಯಾನೇಜರ್ ಮೇಡಂ ಕೈಗೆ ಕೊಟ್ಟೆ. ಎರಡು ಸಲ ಓದಿದರು.
"ಮೆಟ್ಟಿಲು ಹತ್ತಬಾರದು ಅಂತಿದೆ. ಮತ್ತೆ ಮೇಲಿನ ಇಪ್ಪತ್ನಾಲ್ಕು ಮಷೀನ್ ಯಾರು ನೋಡ್ಕೋತಾರೆ?"
ಕೆಳಗೆ ಕೂತೇ ನೋಡಿಕೊಳ್ಳುತ್ತೇನೆ ಅಂದುಬಿಟ್ಟೆ. ಆ ಸೌಲಭ್ಯ ಮಷೀನುಗಳ ಒಳಗೇ ಇದೆ, ಯಾರೂ ಎಬ್ಬಿಸಿಲ್ಲ ಅಷ್ಟೆ.
"ಹದಿನಾಲ್ಕನೇ ತಾರೀಕಿಗೆ ಮಾಡಿ ತೋರಿಸಿ. ಆಗಲಿಲ್ಲ ಅಂದ್ರೆ ಹೊರಗಿನವರಿಗೆ ಕೊಡ್ತೀನಿ. ನಿಮಗೆ ಗೋಡೌನಲ್ಲಿ ಏನಾದ್ರೂ ನೋಡೋಣ."
ಗೋಡೌನ್ ಅಂದರೆ ಪೈಪು ಎಣಿಸುವುದು. ಇಪ್ಪತ್ತೊಂದು ವರ್ಷ ಈ ಕೆಲಸ ಮಾಡಿ ಈಗ ಪೈಪು ಎಣಿಸಲಾರೆ. ಭಯವಾಗಿದೆ. ಮನೆಯಲ್ಲಿ ಇವಳಿಗೆ ಹೇಳಿಲ್ಲ.

ಮಾರ್ಚ್ 6, ಗುರುವಾರ
ಮೂರು ಪೆನ್ ಡ್ರೈವ್ ಸಿದ್ಧ. ಮಹಡಿಗೊಂದು. ಒಂದೊಂದರಲ್ಲಿ ಎಂಟು ನಂಬರು, ಎಂಟು ಪಾಸ್‌ವರ್ಡ್. ಚುಚ್ಚಿ ರೀಸ್ಟಾರ್ಟ್ ಮಾಡಿದರೆ ಮುಂದುವರಿಯಲೇ ಎಂದು ಕೇಳುತ್ತದೆ. ವೈ ಒತ್ತಬೇಕು. ಚುಚ್ಚಿದ ಸರದಿಯಲ್ಲಿ ಮುಂದಿನ ನಂಬರು ಆ ಮಷೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಆನ್, ಆಫ್, ಎಲ್ಲ ನನ್ನ ಕೋಣೆಯಿಂದಲೇ. ಮೆಟ್ಟಿಲ ಪಕ್ಕದ ಸೀಟಿನಿಂದ ಕಿಟಕಿವರೆಗೆ ಯಾರಿಗೆ ಯಾವ ನಂಬರು ಅಂತ ಪಟ್ಟಿ ಮಾಡಿ ಟೇಬಲ್ ಗಾಜಿನ ಕೆಳಗಿಟ್ಟಿದ್ದೇನೆ.

ಹತ್ತುವವರು ಯಾರು? ಹೆಡ್ ಕ್ಲಾರ್ಕ್ ತಾವಾಗಿಯೇ ಮುಂದೆ ಬಂದರು. ಮೂವತ್ತೆರಡು ವರ್ಷ ಸರ್ವಿಸ್. ಮಂಡಿ ಮಾತ್ರ ಇನ್ನೂ ಪ್ರಾಯದ್ದು.
"ನೀವು ಕೂತ್ಕೊಳ್ಳಿ. ಚುಚ್ಚೋದು, ವೈ ಒತ್ತೋದು ತಾನೇ? ಆಫೀಸ್ ನಡೆಸಿದೋನಿಗೆ ಅದನ್ನೂ ಹೇಳಿಕೊಡಬೇಕಾ?"
ಮೂರನ್ನೂ ಕವರಿಗೆ ಹಾಕಿ, ಮೇಲೆ 'ಗೌಪ್ಯ' ಎಂದು ಬರೆದುಕೊಂಡು ಹೋದರು.

ಮಾರ್ಚ್ 7, ಶುಕ್ರವಾರ
ಇಪ್ಪತ್ನಾಲ್ಕೂ ಆಯಿತು. ಪರದೆ ತುಂಬ ಹಸಿರು ಚುಕ್ಕೆ. ಒಂದನ್ನು ಆಫ್ ಮಾಡಿ ನೋಡೋಣವೆಂದರೆ ಎಲ್ಲರೂ ಕೆಲಸದಲ್ಲಿದ್ದಾರೆ. ಹಸಿರಿದೆಯಲ್ಲ, ಸಾಕು.
ಮನೆಯಲ್ಲಿ ಕೊನೆಗೂ ಎಲ್ಲ ಹೇಳಿದೆ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡಿ" ಅಂದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಂದು ಸಲ ಭೇಷ್ ಅಂದವಳಲ್ಲ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 12
ಮಾನ ಹೋಯಿತು.
ಮೇಡಂ ಮೂರನೇ ಮಹಡಿಯಿಂದ ಫೋನಿನಲ್ಲಿ. "ಟೈಪಿಸ್ಟ್ ರಜೆ. ಅವಳ ಮಷೀನ್ ಆನ್ ಮಾಡಿಸಿದೀನಿ. ಅದನ್ನ ಆಫ್ ಮಾಡಿ."
ಮೆಟ್ಟಿಲ ಪಕ್ಕದ್ದು. ಹದಿನೇಳು. ಒತ್ತಿದೆ.
"ಅವಳದು ಆನ್ ಆಗೇ ಇದೆ." ಕುರ್ಚಿ ಎಳೆದ ಸದ್ದು. "ನಂದು ಹೋಯ್ತು."
ಬೆಳಗ್ಗೆಯಿಂದ ಬರೆದ ಟೆಂಡರ್ ಪತ್ರ. ಸೇವ್ ಮಾಡಿರಲಿಲ್ಲವಂತೆ. "ಗೋಡೌನಲ್ಲಿ ಮೆಟ್ಟಿಲಿಲ್ಲ" ಅಂದು ಫೋನ್ ಇಟ್ಟರು.

12.40
ಹೆಡ್ ಕ್ಲಾರ್ಕನ್ನು ಕರೆಸಿದೆ. ಮೆಟ್ಟಿಲ ಪಕ್ಕದಿಂದ ತಾನೇ ಶುರು ಮಾಡಿದ್ದು ಎಂದು ಕೇಳಿದೆ. ಆಡಬಾರದ್ದು ಆಡಿದೆನೇನೋ ಎನ್ನುವಂತೆ ನೋಡಿದರು.
"ಅಲ್ಲಿ ಟೈಪಿಸ್ಟ್ ಕೂತಿರೋದು. ಬಂದು ಆರು ತಿಂಗಳಾಗಿಲ್ಲ. ಮೇಡಂನ ಬಿಟ್ಟು ಅವಳಿಗೆ ಮೊದಲು ಹಾಕೋಕಾಗುತ್ತಾ? ಸೀನಿಯಾರಿಟಿ ಪ್ರಕಾರ ಹಾಕಿದೀನಿ. ಮೂರೂ ಮಹಡಿ."
ಬೈಯಲು ಬಾಯಿ ತೆರೆದೆ. ಪಟ್ಟಿಯನ್ನು ಗಾಜಿನ ಕೆಳಗಿಟ್ಟುಕೊಂಡು, ಅವರ ಕೈಗೆ ಕೊಡದವನು ನಾನೇ. ಮುಚ್ಚಿದೆ.

3.30
ಯಾರು ಯಾವಾಗ ಸೇರಿದರು, ಇಪ್ಪತ್ನಾಲ್ಕೂ ಅವರಿಗೆ ಬಾಯಿಪಾಠ. ಹೇಳಿದರು, ಬರೆದುಕೊಂಡೆ. ಎರಡನೇ ಮಹಡಿಯ ಇಬ್ಬರು ಬಿಲ್ ಗುಮಾಸ್ತರ ಸರದಿ ಬಂದಾಗ ಹೇಳುವುದನ್ನೇ ನಿಲ್ಲಿಸಿಬಿಟ್ಟರು. ಒಂದೇ ದಿನ ಸೇರಿದವರಂತೆ.
"ಯಾರಿಗೆ ಮೊದಲು ಹಾಕಿದಿರಿ?"
"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ. ಇಷ್ಟು ವರ್ಷ ಸುಮ್ಮನಿದ್ದಾರೆ."
ಇಬ್ಬರಿಗೂ ಫೋನ್ ಮಾಡಿ, ಎಲ್ಲ ಸೇವ್ ಮಾಡಿಸಿ, ಅವರ ಎರಡು ನಂಬರಿನಲ್ಲಿ ಮೊದಲನೆಯದಾದ ಹನ್ನೆರಡನ್ನು ಆಫ್ ಮಾಡಿದೆ. "ನಂದು ಹೋಯ್ತು" ಅಂದವರ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಇನ್ನೊಬ್ಬರು ಹೆಡ್ ಕ್ಲಾರ್ಕ್ ಹತ್ತಿರ ಮಾತು ಬಿಟ್ಟಿದ್ದಾರೆ. ನನ್ನ ಹತ್ತಿರವೂ.

5.10
ಮೇಡಂಗೆ ನಾನೇ ಫೋನ್ ಮಾಡಿದೆ. ಇನ್ನೊಂದೇ ಸಲ ನೋಡಿ ಅಂತ ಬೇಡಿಕೊಂಡೆ. "ತಡೀರಿ. ಮೊದಲು ನಂದು ಸೇವ್ ಮಾಡ್ಕೋತೀನಿ."
ಟೈಪಿಸ್ಟ್ ಎಲ್ಲರಿಗಿಂತ ಹೊಸಬಳು. ಇಪ್ಪತ್ನಾಲ್ಕು. ಒತ್ತಿದೆ.
"ಹೂಂ" ಅಂದರು. ಅಷ್ಟೆ. ಈ ಹೂಂ ಇಟ್ಟುಕೊಂಡು ಶನಿವಾರ, ಭಾನುವಾರ ಕಳೆಯಬೇಕು.

ಮಾರ್ಚ್ 17, ಸೋಮವಾರ. 10.15
ಮೇಡಂ ಫೋನ್. "ನೀವು ಕೆಳಗೇ ಇರಿ. ಗೋಡೌನ್ ಮಾತು ಬಿಡಿ. ಪತ್ರ ರೆಡಿ ಇದೆ, ಮೇಲೆ ಬಂದು ಸಹಿ ಹಾಕಿ ಹೋಗಿ."
ಕಣ್ಣು ತುಂಬಿತು, ಸುಳ್ಳೇಕೆ. ಮೂಗು ಒರೆಸಿಕೊಂಡ ಮೇಲೆ ಕೊನೆಯ ಮಾತು ತಲೆಗೆ ಹೋಯಿತು. ಇನ್ನು ಹತ್ತಬೇಕಿಲ್ಲ ಎನ್ನುವ ಪತ್ರ ಐವತ್ತೆಂಟು ಮೆಟ್ಟಿಲ ಮೇಲಿದೆ. ಫೋನ್ ಮಾಡಿ ಜ್ಞಾಪಿಸೋಣವೆಂದರೆ ಧೈರ್ಯವಿಲ್ಲ. ಮನಸ್ಸು ಬದಲಾಯಿಸಿಬಿಟ್ಟರೆ...

10.40
ಹತ್ತೊಂಬತ್ತು ಆಯಿತು. ಮೊದಲ ಮಹಡಿಯ ತಿರುವಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಂಡಿ ಸಹಸ್ರನಾಮ ಹೇಳುತ್ತಿದೆ. ಇನ್ನೂ ಮೂವತ್ತೊಂಬತ್ತು.
ಮೇಲಿಂದ ಚಪ್ಪಲಿ ಸದ್ದು. ಮೇಡಂ. ಕೈಯಲ್ಲಿ ಕಾಗದ.
"ಅಯ್ಯೋ, ಹತ್ತೋಕೆ ಶುರು ಮಾಡೇಬಿಟ್ರಾ? ಡಾಕ್ಟರ ಚೀಟಿ ನನಗೆ ಈಗ ನೆನಪಾಯ್ತು. ಏಳ್ಬೇಡಿ, ಇಲ್ಲೇ ಹಾಕಿ."
ಪಕ್ಕದ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಕಾಗದವನ್ನು ಮೊಣಕಾಲ ಮೇಲೆ ಹರಡಿದ್ದಾರೆ. ಅವರ ಸಹಿಯೂ ಇನ್ನೂ ಆಗಿಲ್ಲ, ಪೆನ್ ಮೇಲೇ ಬಿಟ್ಟು ಬಂದರಂತೆ. ಬರೆಯೋದು ಆಮೇಲೆ, ನಿಮ್ಮ ಕೈಲಿರೋ ಪೆನ್ನೇ ಕೊಡಿ ಅಂತ ಕೈ ಚಾ—