ಒಲೆಯ ಮೇಲೆ ಬಿಟ್ಟ ಹಂಚು

ಕುರ್ಲಾ
೧೨-೩-೧೯೭೧

ಮಲ್ಲಕ್ಕನಿಗೆ,

ತಂಗಿ ಎಂದು ಬರೆಯಲು ಮನಸ್ಸಿಲ್ಲ. ನನ್ನ ಗಂಡ ಮುಂಬಯಿಯಲ್ಲಿ ಕಟ್ಟಿಕೊಂಡವಳು ನೀನು. ಅವರ ಕಾಯಿಲೆಗೆಂದು ಬಂದು, ನಿನ್ನ ಒಂದೇ ಕೋಣೆಯ ಖೋಲಿಯಲ್ಲೇ ನಡುವೆ ಸೀರೆಯ ಪರದೆ ಕಟ್ಟಿ ಏಳು ತಿಂಗಳು ಕಳೆದೆ. ಅವರೇ ತೀರಿಕೊಂಡ ಮೇಲೆ ಈ ಹಾಳು ಊರು ನನಗೇಕೆ? ನೀನು ಕೆಲಸದಿಂದ ಬರುವಷ್ಟರಲ್ಲಿ ರೈಲಿನಲ್ಲಿರುತ್ತೇನೆ.

ನನ್ನ ರೊಟ್ಟಿ ಹಂಚನ್ನು ಒಲೆಯ ಮೇಲೆಯೇ ಬಿಟ್ಟಿದ್ದೇನೆ. ಪ್ರೀತಿಯಿಂದಲ್ಲ. ಕೊನೆಯ ದಿನ ಅವರು "ಮಲ್ಲಿ ಬಡದ ರೊಟ್ಟಿ ಬೇಕು" ಅಂದರು. ನೀನಿರಲಿಲ್ಲ. ನಾನೇ ಬಡಿದು, ನಿನ್ನದೆಂದು ಹೇಳಿ ತಿನ್ನಿಸಿದೆ. "ಇಂಥಾ ರೊಟ್ಟಿ ನಿನಗ ಎಂದೂ ಬರಲಿಲ್ಲ ನೋಡು, ನೀಲಾ" ಅಂದರು. ಇನ್ನು ಆ ಹಂಚಿನ ಮುಖ ನೋಡಲಾರೆ.

ನೀನು ಹೆತ್ತ ಅವರ ಮಗಳನ್ನು ಬೇಸಿಗೆ ರಜೆಗೆ ನನ್ನ ಊರಿಗೆ ಕಳಿಸು. ರೊಟ್ಟಿ ಬಡಿಯುವುದನ್ನು ನಾನು ಕಲಿಸುತ್ತೇನೆ. ನೀನು ಬರಬೇಡ.

ನಿನ್ನ ಸವತಿ,
ನೀಲಾಬಾಯಿ