ಮಗ್ಗ ನಿಂತಾಗ ಕೇಳಿಸಿದ್ದು

ಅಮ್ಮಾ,

ಮಠದ ಸೇವಕಿಯರು ಹಾಸಿಗೆ ಹಿಡಿದವರನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತಾರೆಂದು ಪರೀಕ್ಷಿಸಲು ಇವತ್ತು ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆಗೆ ಹೋಗಿದ್ದೆ. ಹಾಸಿಗೆ ಮಡಿಯಾಗಿತ್ತು, ಅಜ್ಜಿಯ ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ. ನಮ್ಮ ಮನೆಯಂತೆಯೇ ಪಕ್ಕದ ಕೋಣೆಯಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಸೇವಕಿ ವಾಣಿಶ್ರೀ, ಮಲಗಿದ್ದ ಅಜ್ಜಿಯ ಬಾಯಿಗೆ ಉದ್ಧರಣೆಯಿಂದ ತೀರ್ಥ ಬಿಟ್ಟಳು. ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತವು. ಆಗ ಕೇಳಿಸಿತು, ಅಜ್ಜಿಯ ಗಂಟಲಿನ ಗೊರಗೊರ ಸದ್ದು.

ಎತ್ತಿ ಕೂರಿಸಿ ಬೆನ್ನು ತಟ್ಟಿದೆ. ಉಸಿರು ಸರಿಹೋಯಿತು.

"ತೀರ್ಥ ಅಲ್ವಾ ಮೇಡಂ, ಅದ್ರಿಂದ ಏನಾಗುತ್ತೆ?" ಎಂದಳು ವಾಣಿಶ್ರೀ.

"ಮಲಗಿರೋರಿಗೆ ತೀರ್ಥಾನೂ ಬಿಡ್ಬಾರ್ದು ಕಣಮ್ಮ, ಉಸಿರು ಕಟ್ಟುತ್ತೆ!" ಎಂದು ರೇಗಿದೆ.

"ನಿಮ್ಗೆ ಯಾರು ಹೇಳ್ಕೊಟ್ರು?"

ಅವಳ ಕೈಯಲ್ಲಿದ್ದ ಉದ್ಧರಣೆಯನ್ನು ತೆಗೆದುಕೊಂಡು ಪಕ್ಕಕ್ಕಿಟ್ಟೆ.

ಮಲಗಿದ್ದ ನಿನ್ನ ಬಾಯಿಗೆ ನಾನು ತೀರ್ಥ ಬಿಟ್ಟ ದಿನ ನಮ್ಮ ಮನೆಯಲ್ಲಿ ಕರೆಂಟು ಹೋಗಲೇ ಇಲ್ಲವಲ್ಲ, ಅಮ್ಮಾ.