ಬಲಗಡೆ ಸೀಟು

ರಿಚರ್ಡ್ಸ್ ಟೌನ್
ಗುರುವಾರ

ಅಪ್ಪ,

ಫೋನ್ ಮಾಡ್ಬೇಡ ಅಂದಿದ್ರಿ, ಬರೀಬೇಡ ಅಂದಿರ್ಲಿಲ್ಲ. ಅದಕ್ಕೇ ಬರೀತಿದ್ದೀನಿ.

ಹತ್ತು ವರ್ಷ ನಾವಿಬ್ರೂ ಕಂಠೀರವದಲ್ಲಿ ಒಂದು ಫುಟ್ಬಾಲ್ ಮ್ಯಾಚೂ ತಪ್ಪಿಸಿರ್ಲಿಲ್ಲ. ನಾನು ಮುದಸ್ಸಿರ್‌ನ ಮದುವೆಯಾದೆ ಅಂತ ಈ ಸೀಸನ್ ಪೂರ್ತಿ ನೀವು ಬರಲೇ ಇಲ್ಲ. ಮನೇಲಿ ಟಿವಿ ಸೌಂಡ್ ಆಫ್ ಮಾಡ್ಕೊಂಡು ನೋಡ್ತೀರಂತೆ, ನಮ್ಮವರು ಗೋಲ್ ಹೊಡೆದ್ರೂ ಸುಮ್ನೆ ಕೂತಿರ್ತೀರಂತೆ. ಅಮ್ಮ ಹೇಳಿದ್ಲು. ಅದೂ ಒಂದು ಮ್ಯಾಚ್ ನೋಡೋದಾ?

ಭಾನುವಾರ ಲೀಗ್‌ನ ಕೊನೇ ಮ್ಯಾಚ್. ಟಿಕೆಟ್ ಇದರ ಜೊತೆ ಇಟ್ಟಿದ್ದೀನಿ, ನಿಮ್ಮ ಹಳೇ ಜಾಗವೇ. ನೀಲಿ ಜೆರ್ಸಿ ಅಮ್ಮ ಇಸ್ತ್ರಿ ಮಾಡಿಟ್ಟಿದ್ದಾಳೆ. ಬಿಪಿ ಮಾತ್ರೆ ತಗೊಂಡು ಲಿಂಗರಾಜಪುರದಿಂದ ಬೇಗ ಹೊರಡಿ. ನಮ್ಮ ಜೊತೆ ಮಾತಾಡೋದೇನೂ ಬೇಡ, ಮುಖ ಊದಿಸ್ಕೊಂಡೇ ಕೂತಿರಿ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಮೋಸ ಅನ್ಬೇಡಿ. ಗೋಲ್ ಆದ ತಕ್ಷಣ ಬಲಗಡೆ ಕೂತವರನ್ನ ಬರಸೆಳೆದು ಹಣೆಗೆ ಮುತ್ತು ಕೊಡೋದು ನಿಮ್ಮ ಅಭ್ಯಾಸ. ಇಷ್ಟು ವರ್ಷ ಆ ಸೀಟು ನಂದಾಗಿತ್ತು. ಭಾನುವಾರ ಅಲ್ಲಿ ಮುದಸ್ಸಿರ್ ಕೂರ್ತಾನೆ. ಪಾಪ, ಅವನಿಗೆ ಇದ್ಯಾವುದೂ ಗೊತ್ತಿಲ್ಲ.

ನಿಮ್ಮ ಎಡಗಡೆ ಕೂರೋ,
ಆಶ್ರಿತಾ